ಕರೆಂಟು ಹೋದ ರಾತ್ರಿ ಕಳ್ಳನ ಹಾಡು

ಶಬ್ದದ ಪಾಠ ಮುಗಿಸಿ ಕೈಗೆ ಮೆತ್ತಿದ್ದ ಚಾಕ್‌ಪೀಸಿನ ಪುಡಿ ಕೊಡವಿಕೊಳ್ಳುತ್ತಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಮೈಕು ಬರೋಕೆ ಮುಂಚೆ ನಾಟಕದೋರು ಹೆಂಗೆ ಹಾಡ್ತಿದ್ರು? ಹಿಂದೆ ಕೂತೋರಿಗೆ ಕೇಳಿಸ್ತಿತ್ತಾ?" ಎಂದಳು. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ಅದಕ್ಕೇ ನನಗೆ ಖುಷಿಯಾಯಿತು. ಅಷ್ಟರಲ್ಲಿ ಬೆಲ್ಲಾಯಿತು, ಅರ್ಧ ಉತ್ತರ ಹೇಳಿ ಬಂದೆ. ಉಳಿದರ್ಧ ಇಲ್ಲಿದೆ.

ನಾಟಕದ ಹಾಡಿನ ಹುಚ್ಚು ನನಗೆ ಹಿಡಿದದ್ದು ಹತ್ತನೆಯ ವಯಸ್ಸಿನಲ್ಲಿ. ನಮ್ಮೂರ ಜಾತ್ರೆಗೆ ಬಂದಿದ್ದ ಕಂಪನಿಯೊಂದು ತಗಡಿನ ಗೋಡೆ ಕಟ್ಟಿ 'ಸದಾರಮೆ' ಆಡುತ್ತಿತ್ತು. ಗುಬ್ಬಿ ವೀರಣ್ಣನವರು ಕಳ್ಳನ ಪಾತ್ರ ಮಾಡಿ ನಾಡಿನಲ್ಲೆಲ್ಲ ಹೆಸರಾದ ನಾಟಕ ಅದು. ಕಳ್ಳ ರಂಗಕ್ಕೆ ಬಂದು ಹಾಡು ಎತ್ತಿಕೊಂಡನೋ ಇಲ್ಲವೋ, ಕರೆಂಟು ಹೋಯಿತು. ಮೇಲಿಂದ ತೂಗುಬಿಟ್ಟಿದ್ದ ಮೈಕು ಸತ್ತಿತು. ಜನ ಸಿಳ್ಳೆ ಹಾಕಿದರು. ಆದರೆ ಹಾರ್ಮೋನಿಯಂ ಮೇಷ್ಟ್ರು ನಿಲ್ಲಿಸಲಿಲ್ಲ, ಕಳ್ಳನೂ ನಿಲ್ಲಿಸಲಿಲ್ಲ. ಪೆಟ್ರೋಮ್ಯಾಕ್ಸ್ ಬರುವವರೆಗೆ ಕತ್ತಲಲ್ಲೇ ಹಾಡು ನಡೆಯಿತು, ಮಧ್ಯೆ ಕರೆಂಟಿನವರ ಮೇಲೊಂದು ಜೋಕೂ ಸೇರಿತು. ಒನ್ಸ್ ಮೋರ್ ಕೂಗಿದವರಲ್ಲಿ ನಮ್ಮಪ್ಪನೂ ಒಬ್ಬರು. ಮನೆಯಲ್ಲಿ ಒಂದು ದಿನವೂ ಗಟ್ಟಿಯಾಗಿ ನಗದ ಮನುಷ್ಯ! ಇಂದಿಗೂ ನನಗೆ ಇಷ್ಟದ ಹಾಡುಗಳಲ್ಲಿ ಮೊದಲನೆಯದು ಆ ಕಳ್ಳನದೇ.

ಈಗ ಲೆಕ್ಕಕ್ಕೆ ಬರೋಣ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲ ಸಾಲು ನಟನಿಂದ 5 ಮೀಟರ್, ಕೊನೆಯ ಸಾಲು 20 ಮೀಟರ್ ಎಂದುಕೊಳ್ಳಿ. ಕೊನೆಯವನಿಗೆ ಸಿಕ್ಕುವುದು ಹದಿನಾರರಲ್ಲಿ ಒಂದೇ ಪಾಲು. ಪುಣ್ಯಕ್ಕೆ ನಮ್ಮ ಕಿವಿ ಅಷ್ಟು ಕಟ್ಟುನಿಟ್ಟಿನ ಲೆಕ್ಕಿಗನಲ್ಲ. ಹದಿನಾರರಲ್ಲಿ ಒಂದು ಎಂಬುದು ಅದಕ್ಕೆ ಅರ್ಧಕ್ಕಿಂತ ತುಸು ಕಡಿಮೆ ಎನ್ನಿಸುತ್ತದೆ, ಅಷ್ಟೆ. ಇನ್ನೊಂದು ಗುಟ್ಟಿದೆ. ಕಿವಿ ಅತ್ಯಂತ ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಜ್‌ವರೆಗಿನ ಕಂಪನಗಳಿಗೆ. ಕಂಪನಿ ನಟರು ಮೇಲಿನ ಶ್ರುತಿಗೆ ಕಂಠ ಏರಿಸಿ, ಬಾಯಿ ಅಗಲಿಸಿ, ಪದವನ್ನು ಕಡಿದು ಒಗೆದಂತೆ ಹಾಡುತ್ತಿದ್ದರು. ಆಗ ದನಿಯ ಮೇಲುಸ್ವರಗಳು ಈ ಪಟ್ಟಿಯೊಳಗೆ ಬಂದು ಬೀಳುತ್ತವೆ. ಕಚೇರಿ ಸಂಗೀತ ಕೇಳಿ ಅಭ್ಯಾಸವಿದ್ದವರು ಇದನ್ನು ಕೂಗಾಟ ಎಂದು ಮೂಗು ಮುರಿಯುತ್ತಿದ್ದುದುಂಟು. ಕೊನೆಯ ಸಾಲಿನಲ್ಲಿ ಕೂತು ಕೇಳಿದ್ದರೆ ಹಾಗೆನ್ನುತ್ತಿರಲಿಲ್ಲ.

ಜೊತೆಗೆ ಕಾಲು ಹಾರ್ಮೋನಿಯಂ. ಕೈಪೆಟ್ಟಿಗೆಯಲ್ಲಿ ಒಂದು ಕೈ ತಿದಿ ಒತ್ತಬೇಕು, ನುಡಿಸಲು ಉಳಿಯುವುದು ಒಂದೇ ಕೈ. ಕಾಲು ಹಾರ್ಮೋನಿಯಂನಲ್ಲಿ ಗಾಳಿ ತುಂಬುವ ಕೆಲಸ ಪಾದಗಳದು. ಎರಡು ಕೈಗಳೂ ಬಿಡುವು, ನಾದವೂ ದಪ್ಪ. ಇದೇ ಹಾರ್ಮೋನಿಯಂಗೆ ಗಮಕ ಬಾರದು, ಸ್ವರಗಳು ನಮ್ಮ ರಾಗಗಳಿಗೆ ಒಪ್ಪವು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. 1971ರವರೆಗೂ ಅದಕ್ಕೆ ಬಾಗಿಲು ತೆರೆಯಲಿಲ್ಲ. ಆ ಮೂರು ದಶಕವೂ ನಾಟಕದ ಕೊಟ್ಟಿಗೆಯಲ್ಲಿ ಅದೇ ರಾಜ.

ನಮ್ಮ ಹಳ್ಳಿಗಳಲ್ಲಿ ರೈತರೇ ಬಣ್ಣ ಹಚ್ಚಿ ಆಡುವ 'ಕುರುಕ್ಷೇತ್ರ'ದ ಕೃಷ್ಣನ ಕಂದ, ವೃತ್ತಗಳು ನನ್ನ ಎರಡನೆಯ ಮೆಚ್ಚುಗೆ. ತಿಂಗಳುಗಟ್ಟಲೆ ಅಭ್ಯಾಸ, ಬೆಳಗಿನ ಜಾವದವರೆಗೆ ಆಟ. ಮೂರು ಮೈಲಿ ಆಚೆಯ ಊರಿನಲ್ಲಿ ನಡೆದರೂ ಅಂಗಳದಲ್ಲಿ ಮಲಗಿದ ನನಗೆ ಆಲಾಪ ಕೇಳುತ್ತಿತ್ತು. ಹಗಲಿನಲ್ಲಿ ಅದೇ ಊರಿನ ತಮಟೆಯೂ ಕೇಳುತ್ತಿರಲಿಲ್ಲ. ಬಿ.ಎಸ್ಸಿ. ಓದುವಾಗ ಕಾರಣ ತಿಳಿಯಿತು. ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಗಾಳಿ ಒಂದು ಡಿಗ್ರಿ ಕಾದರೆ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹಗಲು ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು, ಆಗ ಶಬ್ದದ ಅಲೆ ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ತಿಳಿಯಾದ ರಾತ್ರಿಯಲ್ಲಿ ನೆಲ ಬೇಗ ತಣಿದು ಕೆಳಗಿನ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿರುತ್ತದೆ. ಅಲೆ ಕೆಳಕ್ಕೆ ಬಾಗುತ್ತದೆ. ಕಾರಣ ತಿಳಿದ ಮೇಲೆ ಕೃಷ್ಣನ ಆಲಾಪದ ಸೊಗಸು ಕಡಿಮೆಯಾಯಿತೇ ಎಂದು ಒಬ್ಬ ಗೆಳೆಯ ಕೇಳಿದ್ದ. ಇಲ್ಲ, ಹೆಚ್ಚಾಯಿತು.

ಇನ್ನು ಬಿ.ವಿ. ಕಾರಂತರ ಹಾಡುಗಳು. ಕಾರಂತರು (1929-2002) ಬಂಟ್ವಾಳದ ಕಡೆಯ ಹುಡುಗ, ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದವರು. ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಎಂ.ಎ. ಆಯಿತು, ಓಂಕಾರನಾಥ ಠಾಕೂರರ ಬಳಿ ಸಂಗೀತವೂ ಆಯಿತು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಕಲ್ಲು, ಡಬ್ಬ, ಬಿದಿರು ಅವರ ಕೈಗೆ ಸಿಕ್ಕರೆ ವಾದ್ಯವೇ. ಜಡಭರತರ 'ಸತ್ತವರ ನೆರಳು' ನಾಟಕದಲ್ಲಿ ದಾಸರ ಪದಗಳನ್ನೇ ಹೆಣೆದು ಕೂರಿಸಿದರು. ಭಜನೆಯಲ್ಲಿ ನೂರು ಸಲ ಕೇಳಿದ್ದ ಪದ ರಂಗದ ಮೇಲೆ ಬಂದಾಗ ಅದರಲ್ಲಿ ವ್ಯಂಗ್ಯವೂ ಇದೆಯೆಂದು ಮೊದಲ ಬಾರಿಗೆ ಹೊಳೆಯಿತು. ಕಂಬಾರರ 'ಜೋಕುಮಾರಸ್ವಾಮಿ', ಕಾರ್ನಾಡರ 'ಹಯವದನ'ಗಳ ಹಾಡನ್ನೂ ಬರೆಯಬೇಕು. ಇಂದು ಜಾಗವಿಲ್ಲ.

ಏಕೆಂದರೆ 'ಪಂಜರಶಾಲೆ'ಯ ಮಾತು ಹೇಳಲೇಬೇಕು. ಟಾಗೋರರ ಗಿಳಿಯ ಕತೆಯನ್ನು ಕಾರಂತರು ಮಕ್ಕಳಿಗಾಗಿ ಮಾಡಿದ ನಾಟಕ. ಹಾಡಿಕೊಂಡು ಹಾರಾಡುವ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಗಿಳಿಯ ಬಾಯಿಗೆ ತುರುಕುತ್ತಾರೆ. ಟಾಗೋರರ ಕತೆಯಲ್ಲಿ ಕೊನೆಗೆ ರಾಜ ಗಿಳಿಯನ್ನು ಒತ್ತಿ ನೋಡಿದರೆ ಹೊಟ್ಟೆಯಲ್ಲಿ ಕಾಗದದ ಸರಸರ ಸದ್ದು ಮಾತ್ರ.

ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನಾನಿದ್ದ ಶಾಲೆಯಲ್ಲಿ ಕನ್ನಡ ಮೇಷ್ಟ್ರು ಈ ನಾಟಕ ಆಡಿಸಲು ಹೊರಟರು. ಹತ್ತನೇ ತರಗತಿಯ ಹುಡುಗನೊಬ್ಬನ ಕಂಠ ಕೇಳಿ ಗಿಳಿಯ ಪಾತ್ರ ಅವನಿಗೇ ಕೊಟ್ಟರು. ಮೂರನೇ ದಿನ ಅವನ ಅಪ್ಪ ನನ್ನನ್ನು ಹುಡುಕಿಕೊಂಡು ಬಂದರು. "ಮೇಷ್ಟ್ರೇ, ದಿನಾ ನಾಟಕ ಅಂತ ಏಳು ಗಂಟೆಗೆ ಮನೆಗೆ ಬರ್ತಾನೆ. ಏನ್ ಮಾಡ್ಲಿ ಹೇಳಿ" ಎಂದರು. "ಈ ವರ್ಷ ಬೇಡ ಅನ್ನಿ. ಎಸ್ಸೆಸ್ಸೆಲ್ಸಿ ಮುಗೀಲಿ, ಹಾಡು ಎಲ್ಲಿಗೂ ಓಡಿಹೋಗಲ್ಲ" ಎಂದೆ. ಯಾವ ನಾಟಕಕ್ಕೆ ಹುಡುಗನನ್ನು ಬಿಡಿಸುತ್ತಿದ್ದೇನೆಂದು ಆಗ ನನಗೆ ಹೊಳೆಯಲೇ ಇಲ್ಲ! ಗಿಳಿಯ ಪಾತ್ರ ಬೇರೆಯವನಿಗೆ ಹೋಯಿತು. ನಮ್ಮ ಹುಡುಗ ಪ್ರೇಕ್ಷಕರ ನಡುವೆ ಕೂತು ಪ್ರತಿ ಹಾಡಿಗೂ ತುಟಿ ಆಡಿಸುತ್ತಿದ್ದುದನ್ನು ಕಂಡೆ. ವಿಜ್ಞಾನದಲ್ಲಿ ಅವನಿಗೆ 88 ಬಂತು. ಸ್ಟಾಫ್ ರೂಮಿನಲ್ಲಿ ನಾನೇ ಸಿಹಿ ಹಂಚಿದೆ.

ಹೋದ ವರ್ಷ ಅವನು ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದಿದ್ದ. ಒಳ್ಳೆಯ ಕೆಲಸದಲ್ಲಿದ್ದಾನೆ, ಕೂದಲು ಅಲ್ಲಲ್ಲಿ ನರೆತಿದೆ. "ಈಗಲೂ ಹಾಡ್ತೀಯೇನಪ್ಪಾ?" ಎಂದು ಕೇಳಿದೆ. "ಎಲ್ಲಿ ಸಾರ್, ಆವಾಗ ಬಿಟ್ಟಿದ್ದು ಬಿಟ್ಟಂಗೇ ಆಯ್ತು" ಎಂದು ನಕ್ಕ. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಕೊಂಚ ಹಗುರವಾಗುತ್ತಿತ್ತು.

ಈ ಸಲದ ಶಾಲಾ ವಾರ್ಷಿಕೋತ್ಸವಕ್ಕೆ 'ಪಂಜರಶಾಲೆ' ಆಡಿಸುತ್ತಿದ್ದೇವೆ. ಹತ್ತನೇ ತರಗತಿಯವರೂ ಇದ್ದಾರೆ. ಅವರ ತಂದೆತಾಯಿಗಳು ಈ ಅಂಕಣ ಓದುತ್ತಿದ್ದರೆ ತಿಳಿದಿರಲಿ: ಅಭ್ಯಾಸ ನಾಲ್ಕೂವರೆಗೆ ಶುರು, ಆರಕ್ಕೆ ಬಿಡುತ್ತೇವೆ, ಲೆಕ್ಕ-ವಿಜ್ಞಾನದ ಸಂದೇಹವಿದ್ದವರಿಗೆ ನಾನು ಪಕ್ಕದ ಕೋಣೆಯಲ್ಲೇ ಕೂತಿರುತ್ತೇನೆ. ಮೈಕು ಬೇಡವೆಂದು ಕನ್ನಡ ಮೇಡಂಗೆ ಹೇಳಿ ಒಪ್ಪಿಸಿದ್ದೇನೆ. ಅಂಗಳದ ಕೊನೆಯ ಬೇವಿನ ಮರದ ಹತ್ತಿರ ನಿಂತು, ಹಾಡು ಅಲ್ಲಿಗೆ ಕೇಳಿಸುತ್ತದೋ ಇಲ್ಲವೋ ನೋಡಿ ಹೇಳುವ ಕೆಲಸ ಆ ಒಂಬತ್ತನೇ ತರಗತಿಯ ಹುಡುಗಿಯದು.