ಜೀರ್ಣೋದ್ಧಾರವೋ, ಜೀರ್ಣತೆಯ ಅಭಿನಯವೋ?

ಕರ್ನಾಟಕದ ದಾನಶಾಸನಗಳಲ್ಲಿ, ಅದರಲ್ಲಿಯೂ ಬಸದಿಗಳಿಗೆ ಸಂಬಂಧಿಸಿದವುಗಳಲ್ಲಿ, ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವುದಕ್ಕೆಂದು ಭೂಮಿಯನ್ನು ಬಿಡುವಾಗ, ಅದರ ಜೊತೆಯಲ್ಲಿಯೇ ಪೂಜೆಗೂ ಮುನಿಗಳ ಆಹಾರದಾನಕ್ಕೂ ಏರ್ಪಾಡು ಮಾಡಿರುವುದನ್ನು ಅನೇಕ ಶಾಸನಗಳಲ್ಲಿ ಕಾಣಬಹುದು. ಕಟ್ಟಡ ನಿಲ್ಲಬೇಕಾದುದು ಅಲ್ಲಿ ನಡೆಯುವ ಕ್ರಿಯೆ ನಿಲ್ಲದಿರಲೆಂದು ಎಂಬ ವಿವೇಕ ಈ ಜೋಡಣೆಯಲ್ಲಿದೆ. ಕ್ರಿಯೆಯೇ ಬದಲಾದಾಗ, ಹಳೆಯ ನಾಟಕಶಾಲೆಯೊಂದು ಪ್ರಯೋಗಶೀಲ ಕಲೆಗಳ ನೆಲೆಯಾದಾಗ, ಜೀರ್ಣೋದ್ಧಾರದ ಅರ್ಥವೇನು? ಈ ಪ್ರಶ್ನೆಗೆ ಒಳ್ಳೆಯ ನಿದರ್ಶನ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದೆ. ಅದನ್ನು ಮತ್ತೆ ತೆರೆಸಿದ ಕೃತಿ ಮಹಾಭಾರತ ಎಂಬುದರಿಂದ ಕನ್ನಡ ಓದುಗರಿಗೂ ಆ ಕಥೆ ಪ್ರಸ್ತುತವಾಗುತ್ತದೆ.

ಬ್ರೂಕ್ಲಿನ್‌ನ ಮೆಜೆಸ್ಟಿಕ್ ರಂಗಮಂದಿರ ಆರಂಭವಾದದ್ದು 1904ರಲ್ಲಿ. ಜನಪ್ರಿಯ ನಾಟಕಗಳ ಮನೆಯಾಗಿದ್ದ ಅದು 1940ರ ದಶಕದಲ್ಲಿ ಚಲನಚಿತ್ರಮಂದಿರವಾಯಿತು. 1968ರಲ್ಲಿ ಬಾಗಿಲು ಮುಚ್ಚಿತು. ಸುಮಾರು ಎರಡು ದಶಕಗಳ ಕಾಲ ಪಾಳುಬಿದ್ದಿದ್ದ ಆ ಕಟ್ಟಡವನ್ನು ಬ್ರೂಕ್ಲಿನ್ ಅಕಾಡೆಮಿ ಆಫ್ ಮ್ಯೂಸಿಕ್‌ನ ಮುಖ್ಯಸ್ಥ ಹಾರ್ವೆ ಲಿಕ್ಟನ್‌ಸ್ಟೈನ್ ಆರಿಸಿಕೊಂಡರು. ಪೀಟರ್ ಬ್ರೂಕ್ ನಿರ್ದೇಶಿಸಿದ, ಜಾನ್-ಕ್ಲೋದ್ ಕಾರ್ಯೇರ್ ರಂಗರೂಪ ನೀಡಿದ ಒಂಬತ್ತು ಗಂಟೆಗಳ ‘ಮಹಾಭಾರತ’ಕ್ಕೆ ತಕ್ಕ ಸ್ಥಳ ಅವರಿಗೆ ಬೇಕಿತ್ತು. ವಾಸ್ತುಶಿಲ್ಪಿ ಹ್ಯೂ ಹಾರ್ಡಿಯವರ ಸಂಸ್ಥೆ ನವೀಕರಿಸಿದ ಮಂದಿರ 1987ರಲ್ಲಿ ತೆರೆಯಿತು. 1999ರಲ್ಲಿ ಅದಕ್ಕೆ ಹಾರ್ವೆಯವರ ಹೆಸರನ್ನೇ ಇಡಲಾಯಿತು.

ಈ ನವೀಕರಣದ ಮಾದರಿ ಪ್ಯಾರಿಸ್ಸಿನದು. 1876ರಲ್ಲಿ ಕಟ್ಟಲಾಗಿದ್ದ, 1952ರಿಂದ ಮುಚ್ಚಿದ್ದ ಬುಫ್ ದ್ಯು ನೋರ್ ರಂಗಮಂದಿರದಲ್ಲಿ ಬ್ರೂಕ್ 1974ರಲ್ಲಿ ಷೇಕ್ಸ್‌ಪಿಯರನ ‘ಟೈಮನ್ ಆಫ್ ಅಥೆನ್ಸ್’ ಆಡಿಸಿದರು. ಗೋಡೆಗಳ ಕಲೆ, ಉದುರಿದ ಗಾರೆ ಇದ್ದಂತೆಯೇ ಉಳಿದವು. ಎತ್ತರದ ವೇದಿಕೆಯನ್ನು ಬಿಟ್ಟು, ನಟರನ್ನು ಪ್ರೇಕ್ಷಕರ ಮುಂದಿನ ಸಾಲಿನ ಮಟ್ಟಕ್ಕೆ ಇಳಿಸಲಾಯಿತು. ಅಲ್ಲಿ ಬಡತನವೂ ಸೌಂದರ್ಯದೃಷ್ಟಿಯೂ ಒಂದಾಗಿದ್ದವು: ಅಲಂಕರಿಸದಿರುವುದೇ ತೀರ್ಮಾನವಾಗಿತ್ತು.

ಬ್ರೂಕ್ಲಿನ್‌ನಲ್ಲಿ ಆದದ್ದು ಸ್ವಲ್ಪ ಬೇರೆ. ವೇದಿಕೆಯನ್ನು ಮುಂದಕ್ಕೆ ಚಾಚಿ, ಆಸನಗಳನ್ನು ಮತ್ತೆ ಜೋಡಿಸಿ, ನಟನಿಗೂ ನೋಡುಗನಿಗೂ ನಡುವಿನ ದೂರವನ್ನು ಕಡಿಮೆ ಮಾಡಿದ್ದು ನಿಜವಾದ ಸಾಧನೆ. ಆದರೆ ಕಾಲದ ಗುರುತುಗಳನ್ನು ಉಳಿಸಿಕೊಂಡದ್ದರ ಜೊತೆಗೆ, ಹೊಸದಾಗಿ ಕಟ್ಟಿದ ಭಾಗಗಳಿಗೂ ಹಳತರಂತೆ ಕಾಣುವ ಬಣ್ಣವನ್ನು ಕಲಾವಿದರಿಂದ ಬಳಿಸಲಾಯಿತು. ಯಾವುದು 1904ರ ಗಾರೆ, ಯಾವುದು 1987ರ ಕುಂಚ ಎಂಬುದು ಕುಳಿತವರಿಗೆ ತಿಳಿಯಬಾರದು ಎಂಬುದೇ ಅದರ ಆಶಯ. ಆಕ್ಷೇಪಕ್ಕೆ ಎಡೆಯಿರುವುದು ಇಲ್ಲಿಯೇ.

ಹಸ್ತಪ್ರತಿಗಳ ಸಂಪಾದನೆ ಬಲ್ಲವರಿಗೆ ಈ ತೊಡಕು ಹೊಸದಲ್ಲ. ಓಲೆಗರಿ ಮುರಿದು ಪದ್ಯವೊಂದರ ಅರ್ಧ ಸಾಲು ಹೋಗಿದ್ದರೆ ಸಂಪಾದಕನು ಆ ಜಾಗವನ್ನು ಚುಕ್ಕಿಗಳಿಂದ ತೋರಿಸುತ್ತಾನೆ. ಊಹಿಸಿದ ಪಾಠವನ್ನು ಕಂಸದೊಳಗೆ ಇಡುತ್ತಾನೆ. ಹಳಗನ್ನಡದಲ್ಲಿ ಎಷ್ಟೇ ಪರಿಣತನಾದರೂ, ತಾನೇ ಅರ್ಧ ಸಾಲು ಬರೆದು ಕವಿಯದೆಂದು ಸೇರಿಸಿದರೆ ಅದು ಪಾಂಡಿತ್ಯವೆನಿಸದು, ಪ್ರಕ್ಷೇಪವೆನಿಸುತ್ತದೆ. ಇದಕ್ಕೆ ಎದುರಾಗಿ ಕವಿಯ ಮಾರ್ಗವೊಂದುಂಟು. ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಂಡನು; ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿಸಿದನು; ಕೊನೆಗೆ ಪಟ್ಟವನ್ನು ಅರ್ಜುನನಿಗೇ ಕಟ್ಟಿಸಿದನು. ಅದರಲ್ಲಿ ವಂಚನೆಯಿಲ್ಲ, ಹಳೆಯ ಕಥೆಯಲ್ಲಿ ತನ್ನ ಕಾಲವನ್ನು ಇಡುತ್ತಿದ್ದೇನೆಂಬುದು ಅಲ್ಲಿ ಬಹಿರಂಗವಾಗಿಯೇ ಇದೆ. ಸಂಪಾದಕನ ಸಂಯಮ, ಕವಿಯ ಧೈರ್ಯ ಎರಡೂ ಪ್ರಾಮಾಣಿಕವಾದ ಮಾರ್ಗಗಳು. ಹೊಸದನ್ನು ಹಳತೆಂದು ನಂಬಿಸುವುದು ಈ ಎರಡರಲ್ಲಿ ಒಂದೂ ಅಲ್ಲ.

ರಂಗಭೂಮಿಯೇ ಭ್ರಮೆಯ ಕಲೆ, ಬಣ್ಣ ಬಳಿದ ಪರದೆಯನ್ನು ಒಪ್ಪುವವರು ಬಣ್ಣ ಬಳಿದ ಗೋಡೆಯನ್ನೇಕೆ ಒಪ್ಪಬಾರದು ಎಂದು ಕೇಳಬಹುದು. ಈ ವಾದಕ್ಕೆ ಬಲವಿದೆ. ಆದರೆ ಪರದೆ ಪರದೆಯೆಂದು ಪ್ರೇಕ್ಷಕನಿಗೆ ಗೊತ್ತು. ನಾಟಕ ಮುಗಿದ ಮೇಲೆ ಅದು ಇಳಿಯುತ್ತದೆ. ಗೋಡೆ ಮಾತ್ರ ಇತಿಹಾಸದ ಸಾಕ್ಷಿಯಂತೆ ನಿಂತೇ ಇರುತ್ತದೆ.

ಅದು ಯಾವ ಇತಿಹಾಸದ ಸಾಕ್ಷಿ? ಪಾಳುಗೋಡೆಯು ಕಾಲ ಕಳೆದಿದೆ ಎಂದಷ್ಟೇ ಹೇಳುತ್ತದೆ. ಆ ಕಾಲದಲ್ಲಿ ಏನು ನಡೆಯಿತೆಂದು ಹೇಳುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಆಡಿದ ನಾಟಕಗಳು, ಬಂದ ಚಿತ್ರಗಳು, ಕುಳಿತು ನೋಡಿದ ಸಾಮಾನ್ಯ ಜನ, ಅದು ಮುಚ್ಚಲು ಕಾರಣವಾದ ನಗರದ ಬದಲಾವಣೆ, ಇವೆಲ್ಲ ‘ಪ್ರಾಚೀನತೆ’ ಎಂಬ ಒಂದೇ ಭಾವದಲ್ಲಿ ಕರಗುತ್ತವೆ. ಬ್ರೂಕ್‌ರ ಮಹಾಭಾರತದ ಬಗ್ಗೆ ರುಸ್ತುಂ ಭರೂಚಾ ಅವರಂತಹ ವಿಮರ್ಶಕರು ಎತ್ತಿದ ಆಕ್ಷೇಪವೂ ಹೆಚ್ಚುಕಡಮೆ ಇದೇ: ಮಹಾಕಾವ್ಯವನ್ನು ಅದರ ನೆಲದಿಂದ, ಅದನ್ನು ಬಾಳಿದ ಸಮಾಜದಿಂದ ಬಿಡಿಸಿ ಸಾರ್ವಕಾಲಿಕ ಕಥೆಯನ್ನಾಗಿ ಮಾಡಲಾಯಿತು ಎಂಬುದು. ಕಾಲವಿಲ್ಲದ ಕಥೆಗೆ ಕಾಲವಿಲ್ಲದ ಮನೆ ಒದಗಿದ್ದು ಆಕಸ್ಮಿಕವಲ್ಲ.

ಹಾಗೆಂದು ಆ ಯತ್ನವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಕೈಬಿಡಲಾಗಿದ್ದ ಕಟ್ಟಡದಲ್ಲಿ ಇಂದಿಗೂ ನಾಟಕ ನಡೆಯುತ್ತಿದೆ. ಶಾಸನಗಳು ಬಯಸುವ ಕ್ರಿಯೆಯ ಮುಂದುವರಿಕೆ ಅಲ್ಲಿದೆ. ಜೊತೆಗೆ 1987ರ ಆ ಬಣ್ಣಕ್ಕೂ ಈಗ ಮೂರೂವರೆ ದಶಕ ಮೀರಿದ ನಿಜವಾದ ವಯಸ್ಸಾಗಿದೆ. ಒಂದು ಕಾಲ ಹಳತನ್ನು ಹೇಗೆ ಕಲ್ಪಿಸಿಕೊಂಡಿತ್ತು ಎಂಬುದಕ್ಕೆ ಅದೇ ದಾಖಲೆಯಾಗುತ್ತಿದೆ. ಪ್ರಕ್ಷಿಪ್ತ ಪದ್ಯಗಳೂ ಒಂದು ದಿನ ತಮ್ಮ ಕಾಲದ ಅಭಿರುಚಿಯನ್ನು ಅರಿಯಲು ವಿದ್ವಾಂಸರಿಗೆ ನೆರವಾಗುತ್ತವೆ; ಆದರೆ ಅವು ಪ್ರಕ್ಷಿಪ್ತವೆಂದು ಗುರುತಿಸಿದ ಮೇಲೆ ಮಾತ್ರ.

ಹಳೆಯ ರಂಗಮಂದಿರವನ್ನು ಹೊಸ ಪ್ರಯೋಗಗಳಿಗೆ ತೆರೆಯಬಯಸುವವರು, ಅದು ಯಾವ ಊರಿನದೇ ಆಗಲಿ, ಈ ವಿವೇಕವನ್ನು ಪಾಲಿಸಬೇಕು. ಉಳಿದ ಗುರುತುಗಳು ಉಳಿಯಲಿ. ಸೇರಿಸಿದ್ದು ಸೇರಿಸಿದ್ದೆಂದು ಕಾಣಲಿ. ಅಲ್ಲಿ ಯಾವ ನಾಟಕಗಳು ನಡೆದವು, ಯಾರು ಆಡಿದರು, ಯಾರು ನೋಡಿದರು ಎಂಬುದರ ದಾಖಲೆ ಗಾರೆಯಷ್ಟೇ ಜತನದಿಂದ ಸಂಗ್ರಹವಾಗಲಿ. ಈ ಮೂರನೆಯ ಕೆಲಸ ವಾಸ್ತುಶಿಲ್ಪಿಯದಲ್ಲ, ಸಾಹಿತ್ಯ ಮತ್ತು ಇತಿಹಾಸದ ವಿದ್ಯಾರ್ಥಿಗಳದು. ಕರಪತ್ರ, ಟಿಕೆಟ್ಟು, ಕೈಬರಹದ ನಾಟಕಪ್ರತಿಗಳು ಗೋಡೆಗಿಂತ ಬೇಗ ನಶಿಸುವುದರಿಂದ ಆ ಕೆಲಸ ಕಟ್ಟಡದ ದುರಸ್ತಿಗಿಂತ ಮೊದಲೇ ಆರಂಭವಾಗಬೇಕು.