ತಪ್ಪು ನಕಲು ಹೇಳಿದ ಕಥೆ

ಮಕ್ಕಳೇ, ಬ್ಯಾಂಕಿನಲ್ಲಿ ಹಳೆಯ ಲೆಡ್ಜರಿನಿಂದ ಹೊಸದಕ್ಕೆ ಲೆಕ್ಕ ಬರೆಯುವಾಗ ಒಂದಂಕಿ ತಪ್ಪಿದರೆ, ಮುಂದಿನ ಪುಸ್ತಕಗಳಿಗೂ ಅದೇ ತಪ್ಪು ಹೋಗುತ್ತಿತ್ತು. ಆ ಜಾಡು ಹಿಡಿದು ಮೂಲ ಹುಡುಕುತ್ತಿದ್ದೆವು.

ಲಿವರನ್ನು ಹಾಳುಮಾಡುವ ಹೆಪಟೈಟಿಸ್ ಸಿ ವೈರಸ್ ಕೂಡ ತನ್ನ ನಕಲು ತೆಗೆಯುವಾಗ ಪದೇ ಪದೇ ತಪ್ಪುತ್ತದೆ. ಹೀಗೆ ತಪ್ಪುತ್ತಾ ತಪ್ಪುತ್ತಾ ಅದರಲ್ಲಿ ಎಂಟು ಮನೆತನಗಳಾಗಿವೆ. ವಿಜ್ಞಾನಿಗಳು ಇವನ್ನು ಜೀನೋಟೈಪ್ ಎನ್ನುತ್ತಾರೆ. ಅಮೆರಿಕದಲ್ಲಿ 1ನೆಯದು ಹೆಚ್ಚು, ನಮ್ಮ ದೇಶದಲ್ಲಿ 3ನೆಯದು, ಈಜಿಪ್ಟಿನಲ್ಲಿ 4ನೆಯದು.

ಈಜಿಪ್ಟಿನಲ್ಲಿ ನೈಲ್ ಕಾಲುವೆಗಳ ನೀರಿನಿಂದ ಬಿಲ್‌ಹಾರ್ಜಿಯಾ ಎಂಬ ಹುಳುವಿನ ರೋಗ ಬರುತ್ತಿತ್ತು. ಅದಕ್ಕೆ 1920ರ ದಶಕದಿಂದ 1980ರ ದಶಕದವರೆಗೆ ಹಳ್ಳಿಗರಿಗೆ ಇಂಜೆಕ್ಷನ್ ಕೊಟ್ಟರು. ಸರಿಯಾಗಿ ಕುದಿಸದ ಸೂಜಿಗಳು ಒಬ್ಬರ ರಕ್ತದಲ್ಲಿದ್ದ ವೈರಸ್ಸನ್ನು ಇನ್ನೊಬ್ಬರಿಗೆ ದಾಟಿಸಿದವು. ಯಾರಿಗೂ ಗೊತ್ತಾಗಲಿಲ್ಲ, ಈ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಆಮೇಲೆ ನಕಲಿನ ತಪ್ಪುಗಳನ್ನು ಎಣಿಸಿದಾಗ, 4ನೆಯ ಮನೆತನ ಅಲ್ಲಿ ಹಬ್ಬಿದ್ದು ಇಂಜೆಕ್ಷನ್ನುಗಳ ಕಾಲದಲ್ಲೇ ಎಂದು ತಿಳಿಯಿತು.

ಈಜಿಪ್ಟ್ ಕೈಕಟ್ಟಿ ಕೂರಲಿಲ್ಲ. 2018-19ರಲ್ಲಿ ಕೋಟಿಗಟ್ಟಲೆ ಜನರ ರಕ್ತ ಪರೀಕ್ಷಿಸಿ, ಸೋಂಕಿದ್ದವರಿಗೆ ಉಚಿತವಾಗಿ ಮಾತ್ರೆ ಕೊಟ್ಟಿತು.

ನಾನು ಚಿಕ್ಕವನಿದ್ದಾಗ ನಮ್ಮೂರ ಕಾಂಪೌಂಡರೂ ಒಂದೇ ಸೂಜಿಯನ್ನು ಕುದಿಸಿ ಕುದಿಸಿ ಎಲ್ಲರಿಗೂ ಚುಚ್ಚುತ್ತಿದ್ದರು. ಅದು ನೆನಪಾಗಿ ಮೊನ್ನೆ ನಾನೂ ರಕ್ತ ಪರೀಕ್ಷೆ ಮಾಡಿಸಿದೆ. ವೈರಸ್ ಇಲ್ಲವೆಂದು ಬಂತು. ನಿಮ್ಮ ಅಜ್ಜ-ಅಜ್ಜಿಗೂ ಹೇಳಿ. ಸೋಂಕು ಇದ್ದರೂ ಹೆದರಬೇಕಿಲ್ಲ. ಸುಮಾರು ಮೂರು ತಿಂಗಳು ಮಾತ್ರೆ ನುಂಗಿದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ನಿಮಗೆ ಇಂಜೆಕ್ಷನ್ ಕೊಡುವಾಗಲೂ ಅಷ್ಟೇ: ಹೊಸ ಸೂಜಿಯ ಕವರನ್ನು ನಿಮ್ಮ ಕಣ್ಣೆದುರೇ ಬಿಚ್ಚಲಿ.