ಖಾಕಿ ಕಂಡ್ರೆ ಮೊದಲು ಹೆಸರು ಕೇಳ್ರಿ



ಹೋದ ತಿಂಗಳು ನಮ್ಮ ಕೇರಿಯ ಒಬ್ಬ ಅವ್ವ ನಿಪ್ಪಾಣಿಯಿಂದ ಸಂತಿ ಮುಗಿಸಿ ಬರುವಾಗ ಬೈಕ್ ಮ್ಯಾಲೆ ಇಬ್ಬರು ಬಂದು ನಿಂತ್ರು. ಖಾಕಿ ಪ್ಯಾಂಟು, ಕೈಯಾಗ ಸಿಂಹಮುದ್ರೆಯ ಕಾರ್ಡು. "ಮುಂದ ಕಳ್ಳರದಾರ, ಕೊರಳಾಗಿಂದು ಬಿಚ್ಚಿ ಕರವಸ್ತ್ರದಾಗ ಕಟ್ಕೋ" ಅಂದ್ರು. ತಾವೇ ಕಟ್ಟಿಕೊಟ್ರು. ಮನಿಗೆ ಬಂದು ಬಿಚ್ಚಿದ್ರೆ ಹರಳುಕಲ್ಲು. ತಂಬಾಕಿನ ಧೂಳು ಕುಡಿದು ದುಡಿದ ರೊಕ್ಕದ ಬೋರಮಾಳ ಅದು. ದೂರು ಕೊಡಾಕ ಹೋದಲ್ಲಿ "ಕಾರ್ಡ್ ಓದಬೇಕಿತ್ತಲ್ಲ" ಅಂತ ಕೇಳಿದ್ರು. ಹೆಬ್ಬೆಟ್ಟು ಒತ್ತುವ ಹೆಣ್ಣುಮಗಳಿಗೆ!

ಕಾನೂನು ಇಲ್ಲ ಅಂತಲ್ಲ. ಮೋಸದ ಉದ್ದೇಶದಿಂದ ಸರ್ಕಾರಿ ನೌಕರರ ವೇಷ, ಬಿಲ್ಲೆ ಧರಿಸಿದರೆ ಹಳೇ ಐಪಿಸಿ 171ರಲ್ಲಿ ಮೂರು ತಿಂಗಳು ಜೈಲು ಇಲ್ಲವೇ ಇನ್ನೂರು ರೂಪಾಯಿ ದಂಡ. 1860ರ ಆ ಇನ್ನೂರು 2024ರ ಜೂನ್‌ವರೆಗೂ ಇನ್ನೂರೇ ಇತ್ತು. ಈಗ ನ್ಯಾಯ ಸಂಹಿತೆಯ 205ರಲ್ಲಿ ದಂಡ ಐದು ಸಾವಿರ, ಜೈಲು ಮಾತ್ರ ಅದೇ ಮೂರು ತಿಂಗಳು. ಅಧಿಕಾರಿ ಅಂತ ನಟಿಸಿ ಕೆಲಸ ಸಾಧಿಸಿದರೆ 204, ಆರು ತಿಂಗಳಿಂದ ಮೂರು ವರ್ಷ. ಸಿಂಹಮುದ್ರೆಯ ದುರ್ಬಳಕೆಗೆ 2005ರ ಕಾಯ್ದೆ ಬೇರೆ ಐತಿ. ಆದರೆ ಆ ಬಿಲ್ಲೆ ಹೊಲಿದವ, ಮಾರಿದವ ಯಾರು ಅಂತ ಎಷ್ಟು ಕೇಸಿನಲ್ಲಿ ಕೇಳ್ತಾರ್ರೀ?

ನನ್ನ ಪ್ರಶ್ನೆ ಇನ್ನೊಂದು. ಆ ಅವ್ವ ಯಾಕೆ ಎದುರು ಮಾತಾಡಲಿಲ್ಲ? ವತನದ ಕಾಲದಲ್ಲಿ ನಮ್ಮ ಅಜ್ಜಂದಿರು ಸರ್ಕಾರಿ ಅಧಿಕಾರಿಗಳ ಮುಂದೆ ಓಡಿ, ಟಪ್ಪಾಲು ಹೊತ್ತು, ಬಾಗಿ ನಿಂತವರು. ಆ ವತನ ಕಾಯ್ದೆಯನ್ನೇ ಬದಲಿಸಬೇಕು ಅಂತ ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಗೆ ಮಸೂದೆ ತಂದರು. ಅದಕ್ಕೂ ಮೂರು ವರ್ಷ ಮೊದಲು, 1925ರ ಏಪ್ರಿಲ್‌ನಲ್ಲಿ ಇದೇ ನಿಪ್ಪಾಣಿಯಲ್ಲಿ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಶತಮಾನೋತ್ಸವದ ಬ್ಯಾನರ್ ಕಟ್ಟಿದೆವು, ಸರಿ. ಖಾಕಿ ಕಂಡ್ರೆ ತಲೆ ಬಾಗುವುದು ಮಾತ್ರ ಹಾಗೇ ಉಳೀತು. ಅಸಲಿ ಪೊಲೀಸ್ರು ಕೇರಿಗೆ ಬಂದು ಹೆಸರು ಹೇಳದೆ ಹುಡುಗರನ್ನು ಎತ್ತಿಕೊಂಡು ಹೋದಾಗ ನಾವು ಕೇಳಲಿಲ್ಲ. ನಕಲಿ ಬಂದಾಗ ಹೆಂಗ ಕೇಳ್ತೀವಿ?

ಬರೀ ನಮ್ಮ ಕೇರಿ ಮಾತಲ್ಲ. 2025ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನ ಬೀಡಿ ಗ್ರಾಮದಲ್ಲಿ, ಫೋನಿನಲ್ಲಿ ಅಧಿಕಾರಿ ಅಂತ ಹೇಳಿಕೊಂಡವರ ಬೆದರಿಕೆಗೆ ಲಕ್ಷಾಂತರ ರೂಪಾಯಿ ಕಳಕೊಂಡ ವೃದ್ಧ ದಂಪತಿ ಜೀವ ಬಿಟ್ಟರು. "ಡಿಜಿಟಲ್ ಅರೆಸ್ಟ್" ಅನ್ನೋದು ಯಾವ ಕಾನೂನಿನಲ್ಲೂ ಇಲ್ಲ. ಅಂಥ ಫೋನ್ ಬಂದ್ರೆ ಕಟ್ ಮಾಡಿ 1930ಕ್ಕೆ ಹಚ್ರಿ.

ಬಂಧಿಸುವ ಪೊಲೀಸ್ ತನ್ನ ಹೆಸರು ಸ್ಪಷ್ಟವಾಗಿ ಕಾಣುವಂತೆ ಧರಿಸಿರಬೇಕು ಅಂತ ಸುಪ್ರೀಂ ಕೋರ್ಟ್ 1996ರ ಡಿ.ಕೆ. ಬಸು ತೀರ್ಪಿನಲ್ಲೇ ಹೇಳೈತಿ. ಈಗ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೂ ಐತಿ. ಅಂದ್ರೆ ಹೆಸರು ಕೇಳೋದು ಉದ್ಧಟತನ ಅಲ್ಲ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಗೆಳೆಯರೇ, ಠಾಣೆಯಲ್ಲಿ ಕರೆಯುವ ಎಸ್‌ಸಿ-ಎಸ್‌ಟಿ ಸಭೆಗೆ ಈ ಸಲ ಬರೀ ಮುಖಂಡರು ಹೋಗಿ ಚಹಾ ಕುಡಿದು ಬರಬ್ಯಾಡ್ರಿ. ತಂಬಾಕಿನ ಕೆಲಸದ, ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನ ಕರಕೊಂಡು ಹೋಗ್ರಿ. ಬೀಟ್ ಪೊಲೀಸರ ಹೆಸರು, ನಂಬರು, ಫೋಟೋ ಕೇರಿಯ ಸಮುದಾಯ ಭವನದ ಗ್ವಾಡಿಗೆ ಹಚ್ಚಬೇಕು ಅಂತ ಬರಹದಲ್ಲಿ ಕೇಳ್ರಿ, ಸ್ವೀಕೃತಿ ತಗೊಳ್ರಿ.

ನಮ್ಮೂರಿನ ಅರ್ಜಿ ರೆಡಿ ಐತಿ. ಮೊದಲ ಹೆಬ್ಬೆಟ್ಟು ಆ ಅವ್ವಂದು. ಬೋರಮಾಳ ಇನ್ನೂ ಸಿಕ್ಕಿಲ್ಲ.